ಬೋನಾಳಕ್ಕೆ ಬರುವ ಹಂಸ

ಮಾರ್ಗಶಿರ ಕಳೆದು ಪುಷ್ಯ ಕಾಲಿಡುವ ದಿನಗಳಲ್ಲಿ ಯಾದಗಿರಿ, ಶಹಾಪುರ, ಸುರಪುರಗಳ ಎರೆಬಯಲಿನಲ್ಲಿ ಬಿಳಿಜೋಳ ಎದೆಯೆತ್ತರಕ್ಕೆ ಬೆಳೆದು ನಿಂತಿರುತ್ತದೆ. ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬರುತ್ತಾರೆ. ನಮ್ಮ ಧರ್ಮಕೇಂದ್ರಗಳಲ್ಲಿ ಗೋದಲಿ ಕಟ್ಟುವ ಸಡಗರ. ಇದೇ ಹೊತ್ತಿಗೆ ಸುರಪುರದಿಂದ ಸುಮಾರು 10 ಕಿ.ಮೀ. ದೂರದ ಬೋನಾಳ ಕೆರೆಗೆ ಹಿಮಾಲಯದಾಚೆಯ ಅತಿಥಿಗಳು ಬಂದಿಳಿದಿರುತ್ತವೆ. ಸುರಪುರದ ನಾಯಕ ಅರಸರ ಕಾಲದಲ್ಲಿ ಕಟ್ಟಿಸಿದ ಈ ಕೆರೆ ಇಂದು ಪಕ್ಷಿಧಾಮ. ಚಳಿಗಾಲದಲ್ಲಿ ಇಲ್ಲಿ ಕಾಣುವ ಹಕ್ಕಿಗಳಲ್ಲಿ ಎರಡು ನಮ್ಮ ಸಾಹಿತ್ಯಕ್ಕೆ ಸಾವಿರ ವರ್ಷಗಳಿಂದ ಪರಿಚಿತವಾದವು. ಆದರೆ ಕಣ್ಣೆದುರು ಈಜುವಾಗ ಅವುಗಳನ್ನು ನಾವು ಗುರುತಿಸುವುದಿಲ್ಲ. ನಮ್ಮ ಕಾವ್ಯ, ಪ್ರಬೋಧನೆ, ಹಬ್ಬದ ಅಲಂಕಾರಗಳಲ್ಲಿ ಪ್ರಾಣಿ-ಪಕ್ಷಿಗಳನ್ನು ಸಂಕೇತವಾಗಿ ಬಳಸುವ ರೂಢಿಯನ್ನು ಈ ಕೆರೆಯ ದಂಡೆಯ ಮೇಲೆ ನಿಂತು ಪರೀಕ್ಷಿಸುವುದು ಈ ಲೇಖನದ ಉದ್ದೇಶ.

ಮೊದಲನೆಯದು ಚಕ್ರವಾಕ, ಹಳಗನ್ನಡದ ಜಕ್ಕವಕ್ಕಿ. ಕಿತ್ತಳೆ ಮೈಯ, ಮಾಸಲು ತಲೆಯ ಈ ಬಾತು ಲಡಾಖ್, ಟಿಬೆಟ್, ಮಧ್ಯ ಏಷ್ಯಾಗಳಲ್ಲಿ ಮರಿ ಮಾಡಿ ಚಳಿಗಾಲಕ್ಕೆ ನಮ್ಮಲ್ಲಿಗೆ ಬರುತ್ತದೆ. ಮಹಾಕಾವ್ಯವೆಂದರೆ ಅದರಲ್ಲಿ ಹದಿನೆಂಟು ವರ್ಣನೆಗಳಿರಬೇಕು, ಸೂರ್ಯಾಸ್ತದ ವರ್ಣನೆ ಬಂದಲ್ಲಿ ಜಕ್ಕವಕ್ಕಿಗಳ ಜೋಡಿ ಅಗಲಬೇಕು ಎಂಬುದು ನಮ್ಮ ಕವಿಸಮಯ. ಇರುಳೆಲ್ಲ ಒಂದು ಈ ದಡದಲ್ಲಿ, ಇನ್ನೊಂದು ಆ ದಡದಲ್ಲಿ ಕುಳಿತು ಕೂಗುತ್ತವೆಂಬ ಕಲ್ಪನೆ ವಿರಹದ ಸಂಕೇತವಾಗಿ ಬೆಳೆಯಿತು. ಇದು ಬರಿಯ ಕಟ್ಟುಕತೆಯೆ? ಹಾಗೆನ್ನಲಾಗದು. ಚಳಿಗಾಲದಲ್ಲಿ ಈ ಬಾತುಗಳು ಬಹುಮಟ್ಟಿಗೆ ಜೋಡಿಯಾಗಿಯೇ ಇರುತ್ತವೆ; ಹಗಲು ದಡದಲ್ಲಿ ವಿಶ್ರಮಿಸಿ ಮುಸ್ಸಂಜೆಯ ನಂತರ ಮೇಯುತ್ತವೆ; ಮೂಗಿನಿಂದ ಹೊರಟಂಥ ಅವುಗಳ ಕೂಗು ನೀರಿನ ಮೇಲೆ ಬಹುದೂರ ಕೇಳುತ್ತದೆ. ಮೊದಲ ಕವಿ ಕತ್ತಲಲ್ಲಿ ನದಿಯ ದಂಡೆಯಲ್ಲಿ ನಿಂತು ಆ ಕೂಗನ್ನು ಕೇಳಿರಲೇಬೇಕು. ನೂರನೆಯ ಕವಿ ಕೇಳಿದ್ದು ಮೊದಲ ಕವಿಯ ಪದ್ಯವನ್ನು ಮಾತ್ರ. ಸಂಕೇತ ಬಡವಾಗುವುದು ಈ ನಡುವಣ ಅಂತರದಲ್ಲಿ.

ಎರಡನೆಯದು ಹಂಸ, ತದ್ಭವದಲ್ಲಿ ಅಂಚೆ. ಆತ್ಮಕ್ಕೆ, ವಿವೇಕಕ್ಕೆ, ಹಾಲು-ನೀರನ್ನು ಬೇರ್ಪಡಿಸುವ ನಿರ್ಮಲ ಬುದ್ಧಿಗೆ ಇದಕ್ಕಿಂತ ದೊಡ್ಡ ಸಂಕೇತ ನಮ್ಮ ನಾಡಿನಲ್ಲಿಲ್ಲ. ಆದರೆ ಕ್ಯಾಲೆಂಡರುಗಳಲ್ಲಿ, ಮದುವೆಯ ಆಮಂತ್ರಣಗಳಲ್ಲಿ ನಾವು ಅಚ್ಚು ಹಾಕಿಸುವ ಹಂಸ ಯಾವುದು? ಉದ್ದ ಕೊರಳನ್ನು ಬಾಗಿಸಿದ ಅಚ್ಚಬಿಳಿಯ ಯುರೋಪಿನ ಸ್ವಾನ್. ಅದು ನಮ್ಮ ಕೆರೆಗಳ ಹಕ್ಕಿಯಲ್ಲ. ಡಚ್ ವಿದ್ವಾಂಸ ಜೆ. ಫಿ. ಫೋಗೆಲ್ 1962ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಭಾರತೀಯ ಸಾಹಿತ್ಯ ಮತ್ತು ಶಿಲ್ಪದ ಹಂಸವು ವಾಸ್ತವದಲ್ಲಿ ಹೆಬ್ಬಾತು, ಅದರಲ್ಲಿಯೂ ಪಟ್ಟೆತಲೆ ಹೆಬ್ಬಾತು ಎಂದು ವಾದಿಸಿದರು. ಭಾಷಾಶಾಸ್ತ್ರವೂ ಇದಕ್ಕೆ ಒತ್ತಾಸೆ ನೀಡುತ್ತದೆ: ಸಂಸ್ಕೃತದ ‘ಹಂಸ’, ಜರ್ಮನ್ನಿನ ‘ಗಾನ್ಸ್’, ಇಂಗ್ಲಿಷಿನ ‘ಗೂಸ್’ ಒಂದೇ ಬೇರಿನ ಪದಗಳು.

ಬೂದುಬಣ್ಣದ ಮೈ, ಬಿಳಿ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆಗಳಿರುವ ಆ ಹೆಬ್ಬಾತು ಬೋನಾಳದ ಅತಿಥಿ. ಹಿಮಾಲಯವನ್ನು ದಾಟುವಾಗ ಅದು 7,000 ಮೀಟರಿಗೂ ಮೇಲೆ ಹಾರಿದ್ದನ್ನು ವಿಜ್ಞಾನಿಗಳು ಉಪಗ್ರಹ ಸಾಧನಗಳ ನೆರವಿನಿಂದ ದಾಖಲಿಸಿದ್ದಾರೆ. ತೆಳುಗಾಳಿಯಲ್ಲಿಯೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುವ ಗುಣ ಅದರ ರಕ್ತಕ್ಕಿದೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಹೇಳಿ, ಹಾಲು-ನೀರಿನ ಕತೆಗಿಂತ ಈ ನಿಜ ಯಾವ ರೀತಿಯಲ್ಲಿ ಸಣ್ಣದು? ಆತ್ಮದ ಯಾತ್ರೆಗೆ ಇದಕ್ಕಿಂತ ತಕ್ಕ ಉಪಮೆ ಇದೆಯೆ? ಜೊತೆಗೆ ಮತ್ತೊಂದು ನಿಜವನ್ನೂ ಒಪ್ಪಬೇಕು. ಈ ಹಂಸ ಮೇಯುವುದು ರೈತನ ಹೊಲದಲ್ಲಿ. ಎಳೆಯ ಪೈರನ್ನೂ ಕಾಳನ್ನೂ ತಿನ್ನುವ ಅದನ್ನು ಅವನು ಕವಿಯ ಕಣ್ಣಿನಿಂದ ನೋಡಲಾರ. ಅವನ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಸೌಂದರ್ಯಪ್ರಜ್ಞೆ ಅರೆಬರೆಯದು.

ಪವಿತ್ರ ಗ್ರಂಥದ ಸಂಕೇತಗಳು ಈ ಪರೀಕ್ಷೆಯಲ್ಲಿ ಹೇಗೆ ನಿಲ್ಲುತ್ತವೆ? ಪ್ರವಾದಿ ಯೆರೆಮೀಯನು (8:7) ಕೊಕ್ಕರೆ, ಬೆಳವ ಮುಂತಾದ ಹಕ್ಕಿಗಳು ತಮ್ಮ ವಲಸೆಯ ಕಾಲವನ್ನು ಅರಿತಿರುವುದನ್ನು ತೋರಿಸಿ, ಜನರ ಅರಿವುಗೇಡಿತನವನ್ನು ಚುಚ್ಚುತ್ತಾನೆ. ವರ್ಷ ವರ್ಷವೂ ತಲೆಯೆತ್ತಿ ನೋಡಿದವನು ಮಾತ್ರ ಹೀಗೆ ಹೇಳಬಲ್ಲ. ಮರಿಗಳನ್ನು ರೆಕ್ಕೆಯಡಿ ಕೂಡಿಸಿಕೊಳ್ಳುವ ಕೋಳಿಯ ಉಪಮೆ (ಮತ್ತಾಯ 23:37) ಹಿತ್ತಿಲಿನಿಂದ ಬಂದದ್ದು. ಆಕಾಶದ ಹಕ್ಕಿಗಳ ಕುರಿತಾದ ಯೇಸುಸ್ವಾಮಿಯ ಮಾತಿನಲ್ಲಿ ಮತ್ತಾಯನು ಬಳಸುವ ಗ್ರೀಕ್ ಕ್ರಿಯಾಪದಕ್ಕೆ ದೃಷ್ಟಿಯಿಟ್ಟು ನೋಡು ಎಂದೂ, ಕಾಗೆಗಳ ಕುರಿತು ಲೂಕನು ಬಳಸುವ ಪದಕ್ಕೆ ಗಮನಿಸಿ ಅರಿತುಕೋ ಎಂದೂ ಅರ್ಥ. ಮೊದಲು ನೋಟ, ಆಮೇಲೆ ಪಾಠ. ನಮ್ಮ ಬರಹಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ: ಪಾಠ ಮೊದಲೇ ಸಿದ್ಧವಾಗಿರುತ್ತದೆ, ಹಕ್ಕಿಯನ್ನು ಸಾಕ್ಷಿಗೆ ಕರೆಸುತ್ತೇವೆ.

ಗೋದಲಿಯ ವಿಷಯವೂ ಹೀಗೆಯೇ. ಲೂಕನ ಶುಭಸಂದೇಶದಲ್ಲಿ ಗೋದಲಿಯ ಬಳಿ ಎತ್ತು-ಕತ್ತೆಗಳ ಉಲ್ಲೇಖವಿಲ್ಲ. ಯೆಶಾಯನ ಮಾತಿನಿಂದ (1:3) ಅವು ಕ್ರಿಸ್ತಜಯಂತಿಯ ಚಿತ್ರದೊಳಗೆ ಬಂದವು. 1223ರಲ್ಲಿ ಗ್ರೆಚ್ಚೊ ಎಂಬ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಗೋದಲಿಯ ದೃಶ್ಯವನ್ನು ಏರ್ಪಡಿಸಿದಾಗ ಜೀವಂತ ಎತ್ತು-ಕತ್ತೆಗಳನ್ನೂ ನಿಜವಾದ ಹುಲ್ಲನ್ನೂ ತರಿಸಿದರು. ನಾವಾದರೋ ಹತ್ತಿಯನ್ನು ಹರಡಿ ಹಿಮವೆನ್ನುತ್ತೇವೆ. ಅದೇ ವಾರ ಶಹಾಪುರದ ಸುತ್ತಲಿನ ಹೊಲಗಳಲ್ಲಿ ಕೂಲಿಯ ತಾಯಂದಿರು ಬೆನ್ನು ಬಗ್ಗಿಸಿ ಅದೇ ಹತ್ತಿಯನ್ನು ಬಿಡಿಸುತ್ತಿರುತ್ತಾರೆ. ಹಿಮ ಕಾಣದ ನಾಡಿನಲ್ಲಿ ಹಿಮವನ್ನು ನಟಿಸುವುದು ಪಾಪವೇನಲ್ಲ. ಕಾಣುವ ಹತ್ತಿಯನ್ನು ಹತ್ತಿಯೆಂದು ಕಾಣದಿರುವುದು ನಷ್ಟ.

ಇದು ಅಭಿರುಚಿಯೊಂದರ ಪ್ರಶ್ನೆಯಾಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ರಣಹದ್ದಿನ ಕತೆಯನ್ನು ನೆನೆಯಿರಿ. ಮರಿಗಳನ್ನು ರೆಕ್ಕೆಯ ಮೇಲೆ ಹೊರುವ ಹದ್ದಿನ ಚಿತ್ರ ಧರ್ಮೋಪದೇಶಕಾಂಡದಲ್ಲಿದೆ (32:11); ಅಲ್ಲಿರುವ ಹೀಬ್ರೂ ಪದ ರಣಹದ್ದನ್ನೂ ಸೂಚಿಸುತ್ತದೆಂದು ವಿದ್ವಾಂಸರು ಹೇಳುತ್ತಾರೆ. ರಾಮಾಯಣದಲ್ಲಿ ಜಟಾಯುವಿದ್ದಾನೆ. ಆದರೆ 1990ರ ದಶಕದಿಂದ ದನಕರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಔಷಧಿ ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸಿತು. ಪಶುಚಿಕಿತ್ಸೆಯಲ್ಲಿ ಅದರ ಬಳಕೆಯನ್ನು ಭಾರತ 2006ರಲ್ಲಿ ನಿಷೇಧಿಸಿತು. ಅಷ್ಟರಲ್ಲಿ ಬಿಳಿಬೆನ್ನಿನ ರಣಹದ್ದು ದೇಶದಲ್ಲಿ ಶೇಕಡ 99ಕ್ಕೂ ಹೆಚ್ಚು ಕುಸಿದಿತ್ತು. ಜಟಾಯುವಿನ ಚಿತ್ರಕ್ಕೆ ಒಂದು ಗೆರೆಯೂ ಕಡಿಮೆಯಾಗಲಿಲ್ಲ. ಸಂಕೇತಕ್ಕೆ ಸಾವಿಲ್ಲ, ಆದುದರಿಂದಲೇ ಅದು ಜೀವಿಯ ಸಾವನ್ನು ಮರೆಮಾಡಬಲ್ಲದು. ನಾಳೆ ಬೋನಾಳಕ್ಕೆ ಹೆಬ್ಬಾತು ಬಾರದೆ ಹೋದರೂ ನಮ್ಮ ಆಮಂತ್ರಣಪತ್ರಗಳಲ್ಲಿ ಹಂಸ ಈಜುತ್ತಲೇ ಇರುತ್ತದೆ. ನಾರಾಯಣಪುರದ ಕಾಲುವೆಗಳು ಬಂದ ಮೇಲೆ ಜೋಳದ ನೆಲ ಎಷ್ಟೋ ಕಡೆ ಭತ್ತದ ಗದ್ದೆಯಾಗಿದೆ. ಈ ಬದಲಾವಣೆಯಲ್ಲಿ ಯಾವ ಹಕ್ಕಿ ಬಂತು, ಯಾವುದು ಹೋಯಿತು ಎಂಬುದನ್ನು ಯಾರು ಬರೆದಿಟ್ಟಿದ್ದಾರೆ?

ಬರೆದಿಡುವುದು ದೊಡ್ಡವರ ಕೆಲಸವೆಂದು ತಿಳಿಯಬೇಡಿ. ಇಂಗ್ಲೆಂಡಿನ ಸೆಲ್ಬೋರ್ನ್ ಎಂಬ ಹಳ್ಳಿಯ ಉಪಗುರು ಗಿಲ್ಬರ್ಟ್ ವೈಟ್ ತನ್ನ ಊರಿನ ಹಕ್ಕಿ, ಮಳೆ, ಹುಳುಗಳನ್ನು ದಿನದಿನವೂ ಗುರುತು ಹಾಕಿಕೊಂಡ. 1789ರಲ್ಲಿ ಪ್ರಕಟವಾದ ಆತನ ಪುಸ್ತಕ ಇಂದಿಗೂ ಅಚ್ಚಾಗುತ್ತಿದೆ. ನೋಡಲು ಒಂದೇ ತೆರನಾದ ಪುಟ್ಟ ಹಕ್ಕಿಗಳು ಮೂರು ಬೇರೆ ಜಾತಿಯವೆಂದು ಆತ ಹಾಡು ಕೇಳಿಯೇ ಗುರುತಿಸಿದ. ಯಾದಗಿರಿ, ಸುರಪುರಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ, 1930ರ ದಶಕದ ಆರಂಭದಲ್ಲಿ, ಸಲೀಂ ಅಲಿಯವರು ಆ ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದರು. ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ (1991) ಜೀವಿಗಳನ್ನು ಉಪಮೆಯ ನೊಗಕ್ಕೆ ಹೂಡದೆ ಅವುಗಳ ಪಾಡಿಗೆ ನೋಡಿತು. ಆ ಪುಸ್ತಕದ ಬಲ ಅದೇ.

ಆದುದರಿಂದ ಒಂದು ಸಲಹೆ. ಈ ಚಳಿಗಾಲದಲ್ಲಿ ಮನೆಗೊಂದು ನೋಟುಪುಸ್ತಕವಿರಲಿ. ಎಡಪುಟದಲ್ಲಿ ದಿನಾಂಕ, ಹೊತ್ತು, ಸ್ಥಳ, ಗಾಳಿ-ಮಂಜು, ಕಂಡ ಹಕ್ಕಿ, ಎಣಿಕೆ, ಅದು ಮಾಡುತ್ತಿದ್ದ ಕೆಲಸ ಇಷ್ಟನ್ನೇ ಬರೆಯಿರಿ. ಹೆಸರು ತಿಳಿಯದಿದ್ದರೆ ಬಣ್ಣ, ಕೊಕ್ಕು, ಕೂಗು ಬರೆದರೆ ಸಾಕು. ಬಲಪುಟವನ್ನು ಖಾಲಿ ಬಿಡಿ. ಅರ್ಥ ತಾನಾಗಿ ಹೊಳೆದ ದಿನ ಅಲ್ಲಿ ಬರೆಯಬಹುದು, ಹೊಳೆಯದಿದ್ದರೆ ಖಾಲಿಯಿರಲಿ. ಬೋನಾಳಕ್ಕೆ ಹೋಗಲಾಗದವರಿಗೆ ಊರ ಕೆರೆಯಿದೆ, ಹೊಲದ ಬದುವಿದೆ, ವಿದ್ಯುತ್ ತಂತಿಯಿದೆ. ಮಕ್ಕಳು ಎಣಿಸಲಿ, ಹಿರಿಯರು ತಮ್ಮ ಕಾಲದಲ್ಲಿ ಕಂಡದ್ದನ್ನು ಪಕ್ಕದಲ್ಲಿ ಸೇರಿಸಲಿ. ಬೇಸಿಗೆ ಕಾಲಿಡುತ್ತಲೇ ಹೆಬ್ಬಾತುಗಳು ಉತ್ತರಕ್ಕೆ ಏಳುತ್ತವೆ. ಕೊನೆಯ ಹಿಂಡು ಹೊರಟ ದಿನವನ್ನೂ ಗುರುತು ಹಾಕಿಕೊಳ್ಳಿ. ಮುಂದಿನ ಕ್ರಿಸ್ತಜಯಂತಿಗೆ ಅವು ಬಂದುವೆ ಇಲ್ಲವೆ ಎಂದು ಕೇಳುವವರು ನಮ್ಮ ಮನೆಗಳಲ್ಲಿ ಇದ್ದೇ ಇರಬೇಕು.