ಕೀಚಕವಧೆಯಲ್ಲಿ ರಕ್ಷಣೆ ಮುಗಿಯುವ ಎಡೆ

ಬಡಗುತಿಟ್ಟಿನ ಯಕ್ಷಗಾನ ಪ್ರಸಂಗಗಳಲ್ಲಿ 'ಕೀಚಕವಧೆ'ಯಷ್ಟು ಜನಾದರಕ್ಕೆ ಪಾತ್ರವಾದವು ಕೆಲವು ಮಾತ್ರ. ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆ ಈ ತಿಟ್ಟಿನ ತವರು. ಹಾರಾಡಿ, ಮಟಪಾಡಿ ಎಂಬ ಎರಡು ಪ್ರಸಿದ್ಧ ಕುಣಿತದ ಸಂಪ್ರದಾಯಗಳು ಬ್ರಹ್ಮಾವರದ ಆಸುಪಾಸಿನ ಊರುಗಳ ಹೆಸರನ್ನೇ ಹೊತ್ತಿವೆ. ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ ಮೊದಲಾದ ಕ್ಷೇತ್ರಗಳ ಹೆಸರಿನ ಮೇಳಗಳು ಊರೂರು ತಿರುಗಿ ಭಾರತ ರಾಮಾಯಣಗಳ ಕಥೆಯನ್ನು ಅಕ್ಷರವರಿಯದವರ ಮನೆಯಂಗಳಕ್ಕೂ ಮುಟ್ಟಿಸಿದವು. ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಈ ಕಲೆಯನ್ನು ಶಾಸ್ತ್ರೀಯ ಅಧ್ಯಯನಕ್ಕೆ ಒಳಪಡಿಸಿ ಬರೆದ 'ಯಕ್ಷಗಾನ ಬಯಲಾಟ'ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಸಂದಿತು. ಅಂದಿನಿಂದ ರಾಗ, ತಾಳ, ವೇಷ, ಹೆಜ್ಜೆಗಳ ವಿಚಾರವಾಗಿ ಸಾಕಷ್ಟು ಬರವಣಿಗೆ ನಡೆದಿದೆ. ಆದರೆ ಪ್ರಸಂಗಗಳು ಎತ್ತುವ ನ್ಯಾಯಾನ್ಯಾಯದ ಪ್ರಶ್ನೆಯನ್ನು ತಾಳಮದ್ದಲೆಯ ಅರ್ಥಧಾರಿಗಳಿಗೆ ಬಿಟ್ಟುಕೊಟ್ಟು ವಿಮರ್ಶೆ ಸುಮ್ಮನಿದ್ದುದೇ ಹೆಚ್ಚು.

ಕೀಚಕವಧೆಯಲ್ಲಿ ಅಂಥದೊಂದು ಪ್ರಶ್ನೆ ಬಚ್ಚಿಟ್ಟುಕೊಂಡಿದೆ. ತನ್ನನ್ನಾಗಲಿ ತನ್ನವರನ್ನಾಗಲಿ ಉಳಿಸಿಕೊಳ್ಳಲು ಕೈಯೆತ್ತುವುದು ಎಲ್ಲಿಯವರೆಗೆ ರಕ್ಷಣೆ? ಅದೇ ಕೈ ಯಾವ ಗಳಿಗೆಯಲ್ಲಿ ನ್ಯಾಯಾಧೀಶನ ಕೈಯೂ ಕೊಲೆಗಡುಕನ ಕೈಯೂ ಒಂದಾದ ಕೈಯಾಗುತ್ತದೆ? ಭೀಮನ ಮೇಲಿನ ಅಭಿಮಾನದಲ್ಲಿ ಪ್ರೇಕ್ಷಕನು ಇದನ್ನು ಕೇಳಿಕೊಳ್ಳುವುದಿಲ್ಲ. ಕೀಚಕನು ದುಷ್ಟನಾದುದರಿಂದ ಸತ್ತದ್ದು ಸರಿ ಎಂಬಲ್ಲಿಗೆ ವಿಚಾರ ಮುಗಿದುಹೋಗುತ್ತದೆ. ಮೂಲಭಾರತದ ಕವಿ ಮಾತ್ರ ಅಷ್ಟು ಬೇಗ ಮುಗಿಸಿಲ್ಲ.

ಕಥೆ ಎಲ್ಲರೂ ಬಲ್ಲದ್ದೇ. ಆದರೂ ಅದರ ಮೆಟ್ಟಿಲುಗಳನ್ನು ಒಂದೊಂದಾಗಿ ಎಣಿಸಬೇಕಾಗಿದೆ. ಸುದೇಷ್ಣೆಯು ಮದ್ಯ ತರುವ ನೆವದಿಂದ ಸೈರಂಧ್ರಿಯನ್ನು ತಮ್ಮನ ಮನೆಗೆ ಅಟ್ಟುತ್ತಾಳೆ. ಕೀಚಕನು ಕೈಹಿಡಿದಾಗ ಅವಳು ಅವನನ್ನು ತಳ್ಳಿ ಓಡುತ್ತಾಳೆ. ಇದು ಅತ್ಯಂತ ಶುದ್ಧವಾದ ಆತ್ಮರಕ್ಷಣೆ. ಓಡುವುದಾದರೂ ಎಲ್ಲಿಗೆ? ಅಡುಗೆಮನೆಯಲ್ಲಿದ್ದ ಭೀಮನ ಬಳಿಗಲ್ಲ, ರಾಜಸಭೆಗೆ. ಅರಸನಿರುವಲ್ಲಿ ನ್ಯಾಯವಿದ್ದೀತೆಂದು ನಂಬಿದ ಹೆಣ್ಣು ಮಾಡಬೇಕಾದುದನ್ನೇ ಅವಳು ಮಾಡಿದ್ದಾಳೆ. ಅಲ್ಲಿ ಕೀಚಕನು ಎಲ್ಲರ ಕಣ್ಣೆದುರು ಅವಳನ್ನು ಕೆಡವಿ ಒದೆಯುತ್ತಾನೆ. ವಿರಾಟನ ಉತ್ತರವನ್ನು ವ್ಯಾಸರು ಬಹು ಎಚ್ಚರದಿಂದ ಬರೆದಿದ್ದಾರೆ: ನಿಮ್ಮಿಬ್ಬರ ಜಗಳ ತನ್ನ ಕಣ್ಣಮರೆಯಲ್ಲಿ ನಡೆದದ್ದು, ನಿಜಸ್ಥಿತಿ ತಿಳಿಯದೆ ತಾನು ಹೇಗೆ ತೀರ್ಪು ಕೊಡಲಿ ಎಂಬುದು ಅವನ ಮಾತಿನ ಸಾರ. ಒದೆತ ನಡೆದದ್ದು ಅವನ ಸಿಂಹಾಸನದ ಮುಂದೆ. ಅಪರಾಧಿಯು ಅರಸನ ಮೈದುನ, ಮೇಲಾಗಿ ಸೇನಾಪತಿ. ಕಚೇರಿಗಳ ಭಾಷೆಯಲ್ಲಿ ಇಂದಿಗೂ ಕೇಳಿಬರುವ ಜಾಣ ನುಣುಚುವಿಕೆ ವಿರಾಟನ ಬಾಯಲ್ಲಿ ಆಗಲೇ ಪೂರ್ಣರೂಪ ಪಡೆದಿತ್ತು.

ಸಭೆಯಲ್ಲಿದ್ದ ಭೀಮನ ಕಣ್ಣು ಹತ್ತಿರದ ಮರದ ಮೇಲೆ ಬೀಳುತ್ತದೆ. ಕಂಕನಾಗಿದ್ದ ಧರ್ಮರಾಜನು ಸನ್ನೆಯಿಂದ ತಡೆಯುತ್ತಾನೆ. ಅಂದು ಆ ಕ್ಷಣದಲ್ಲಿ ಭೀಮನು ಎದ್ದಿದ್ದರೆ ಅವನ ಹೊಡೆತಕ್ಕೆ ಯಾವ ಶಾಸ್ತ್ರವೂ ಅಡ್ಡಿ ಹೇಳುತ್ತಿರಲಿಲ್ಲ. ಒದೆಯುವ ಕಾಲು ಇನ್ನೂ ನೆಲಕ್ಕೆ ಇಳಿದಿರಲಿಲ್ಲ. ವಿಚಿತ್ರವೆಂದರೆ, ರಕ್ಷಣೆಗೆ ಪೂರ್ಣ ಅಧಿಕಾರವಿದ್ದಾಗ ಕೈ ಕಟ್ಟಿತ್ತು. ಆ ಅಧಿಕಾರ ಮಸುಕಾದ ಮೇಲೆ ಕೈ ಬಿಚ್ಚಿಕೊಂಡಿತು. ಅದನ್ನು ಕಟ್ಟಿದ್ದು ಅಜ್ಞಾತವಾಸದ ಕರಾರು, ಎಂದರೆ ಪಾಂಡವರ ಸ್ವಂತ ರಾಜ್ಯದ ಹಿತ.

ಆ ಬಳಿಕ ಅಡುಗೆಮನೆಯ ಇರುಳು. ಕುಮಾರವ್ಯಾಸನ ಭೀಮನು ಮೊದಲು ಬೇಸತ್ತು ಹಿಂಜರಿಯುತ್ತಾನೆ, ಅವಳ ಕಣ್ಣೀರಿಗೆ ಕರಗುತ್ತಾನೆ. ಮೂಲದಲ್ಲಿ ಭೀಮನು ಗುಟ್ಟಾಗಿಯೋ ಬಹಿರಂಗವಾಗಿಯೋ ಕೀಚಕನನ್ನು ಮುಗಿಸುತ್ತೇನೆಂದರೆ, ಗುಟ್ಟಾಗಿಯೇ ಆಗಲೆಂದು ದ್ರೌಪದಿಯೇ ತಡೆದು ಹೇಳುತ್ತಾಳೆ. ನಾಟ್ಯಶಾಲೆಯ ಸಂಕೇತ, ಸುಳ್ಳು ಒಲವಿನ ಮಾತು, ಕತ್ತಲಲ್ಲಿ ಕಾದು ಕುಳಿತ ಮಲ್ಲ ಎಲ್ಲವೂ ಯೋಜನೆಯಂತೆ ನಡೆಯುತ್ತವೆ. ಕೊನೆಗೆ ಕೈಕಾಲು ತಲೆಗಳನ್ನು ಒಡಲಿಗೆ ಒತ್ತಿ ಮಾಂಸದ ಉಂಡೆ ಮಾಡಿದ ಶವ ಉಳಿಯುತ್ತದೆ.

ಈ ವಧೆಯನ್ನು ಇಂದಿನ ದಂಡನೀತಿಯ ಒರೆಗಲ್ಲಿಗೆ ಹಚ್ಚಿ ನೋಡುವುದು ಕಾಲವ್ಯತ್ಯಾಸದ ದೋಷವೆಂದು ಕೆಲವರು ಆಕ್ಷೇಪಿಸಬಹುದು. ಆದರೆ ಒರೆಗಲ್ಲು ಚಿನ್ನವನ್ನು ತೂಗುವುದಿಲ್ಲ, ಗೆರೆಯನ್ನು ಮಾತ್ರ ತೋರಿಸುತ್ತದೆ. 1860ರ ಭಾರತೀಯ ದಂಡ ಸಂಹಿತೆಯು 96ರಿಂದ 106ರವರೆಗಿನ ಕಲಮುಗಳಲ್ಲಿ ಖಾಸಗಿ ರಕ್ಷಣೆಯ ಹಕ್ಕನ್ನು ವಿವರಿಸಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವು ಬಹುಮಟ್ಟಿಗೆ ಹಾಗೆಯೇ 34ರಿಂದ 44ರವರೆಗಿನ ಕಲಮುಗಳಾಗಿವೆ. ತನ್ನ ದೇಹವನ್ನಷ್ಟೇ ಅಲ್ಲದೆ ಪರರ ದೇಹವನ್ನು ಕಾಪಾಡುವ ಹಕ್ಕನ್ನೂ ಕಾನೂನು ಒಪ್ಪುತ್ತದೆ. ಪ್ರಾಣಭಯ, ಘೋರ ಗಾಯದ ಭಯ, ಅತ್ಯಾಚಾರದ ಭಯ ಇದ್ದಲ್ಲಿ ಈ ಹಕ್ಕು ಆಕ್ರಮಣಕಾರನನ್ನು ಕೊಲ್ಲುವವರೆಗೂ ಚಾಚುತ್ತದೆ. ಆದರೆ ಅದಕ್ಕೆ ಮೂರು ಬೇಲಿಗಳಿವೆ. ಸರಕಾರದ ರಕ್ಷಣೆಯನ್ನು ಕೋರಲು ಸಮಯವಿದ್ದರೆ ಈ ಹಕ್ಕಿಲ್ಲ. ಅಗತ್ಯಕ್ಕಿಂತ ಹೆಚ್ಚಿನ ಹಾನಿಗೆ ಹಕ್ಕಿಲ್ಲ. ಅಪಾಯದ ಭೀತಿ ಇರುವವರೆಗೆ ಮಾತ್ರ ಹಕ್ಕಿದೆ, ಭೀತಿ ನೀಗಿದೊಡನೆ ಹಕ್ಕೂ ನೀಗುತ್ತದೆ. ಕಾನೂನು ಇಲ್ಲಿ ನಿಷ್ಕರುಣಿಯೇನಲ್ಲ. 2010ರ ದರ್ಶನ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಆಪತ್ತಿನಲ್ಲಿ ಸಿಕ್ಕಿದವನು ತನ್ನ ಏಟನ್ನು ಚಿನ್ನದ ತಕ್ಕಡಿಯಲ್ಲಿ ತೂಗಿ ಹೊಡೆಯಬೇಕೆಂದು ನಿರೀಕ್ಷಿಸಲಾಗದು, ಹೇಡಿಯಂತೆ ಓಡಬೇಕೆಂದೂ ಹೇಳಲಾಗದು ಎಂಬ ತಿಳಿವನ್ನು ಎತ್ತಿಹಿಡಿಯಿತು. ಈ ಹಕ್ಕು ಸೇಡಿಗೆ ಹೊದಿಸುವ ಹೊದಿಕೆಯಾಗಲಾರದೆಂಬುದನ್ನೂ ಅದೇ ತೀರ್ಪು ಸ್ಪಷ್ಟಪಡಿಸಿತು.

ಹೀಗೆ ನೋಡಿದರೆ ನಾಟ್ಯಶಾಲೆಯ ವಧೆ ರಕ್ಷಣೆಯ ಗೆರೆಯಾಚೆ ಬೀಳುತ್ತದೆ. ಅಪಾಯ ಎದುರಿಗೆ ನಿಂತಿರಲಿಲ್ಲ, ಅದನ್ನು ಕರೆದು ತಂದು ನಿಲ್ಲಿಸಲಾಯಿತು. ದ್ರೌಪದಿಯ ಪರವಾಗಿ ಹೇಳಬಹುದಾದ ಬಲವಾದ ಮಾತು ಒಂದೇ: ಅವಳು ಬಾಗಿಲು ತಟ್ಟಿದ್ದಳು, ಬಾಗಿಲು ತೆರೆಯಲಿಲ್ಲ. ನಾಳೆಯೂ ನಾಡಿದ್ದೂ ಅದೇ ಕೈ ಅವಳತ್ತ ಚಾಚುವುದು ನಿಶ್ಚಿತವಾಗಿತ್ತು. ಇಂಥ ಸ್ಥಿತಿಯಲ್ಲಿ ಭೀತಿ ಒಂದು ಕ್ಷಣದ್ದಲ್ಲ, ಹಗಲಿರುಳಿನದು. ಆದುದರಿಂದ ಈ ವಧೆಯನ್ನು ರಕ್ಷಣೆಯೆನ್ನಲು ಬಾರದಿದ್ದರೂ ಬರಿಯ ಕೊಲೆಯೆನ್ನಲು ಮನಸ್ಸು ಒಪ್ಪದು. ಪ್ರಸಂಗದ ಕಾವ್ಯಶಕ್ತಿ ಇರುವುದು ಈ ಒಪ್ಪದಿರುವಿಕೆಯಲ್ಲೇ.

ಆದರೆ ಕಥೆಯ ನಿಜವಾದ ಸೂಕ್ಷ್ಮ ಇನ್ನೂ ಮುಂದಿದೆ. ಕೀಚಕನ ಸೋದರರಾದ ಉಪಕೀಚಕರು ಅಣ್ಣನ ಶವದೊಡನೆ ಸೈರಂಧ್ರಿಯನ್ನೂ ಸುಡಲು ವಿರಾಟನ ಅನುಮತಿ ಪಡೆದು ಅವಳನ್ನು ಕಟ್ಟಿ ಶ್ಮಶಾನಕ್ಕೆ ಹೊತ್ತೊಯ್ಯುತ್ತಾರೆ. ರಾಜನ ಅಪ್ಪಣೆಯೇ ಕೊಲೆಗೆ ದೊರೆತಿದೆ. ಅವಳ ಕೂಗು ಕೇಳಿ ಭೀಮನು ಗೋಡೆ ದಾಟಿ ಓಡಿ ಮರವನ್ನು ಕಿತ್ತು ಬರುತ್ತಾನೆ. ಇಲ್ಲಿ ಸಂಚಿಲ್ಲ, ಸಂಕೇತವಿಲ್ಲ. ಉರಿಯಲಿರುವ ಚಿತೆಯೂ ಕಟ್ಟಿಹಾಕಿದ ಹೆಣ್ಣೂ ಇದ್ದಾರೆ. ಈ ಮರದ ಏಟಿಗಿಂತ ನಿಷ್ಕಳಂಕವಾದ ರಕ್ಷಣೆಯನ್ನು ಭಾರತದಲ್ಲಿ ಹುಡುಕುವುದು ಕಷ್ಟ. ಆದರೆ ಮುಂದಿನ ಮಾತನ್ನು ವ್ಯಾಸರು ಅಡಗಿಸಿಲ್ಲ. ಮರವೆತ್ತಿ ಬರುವ ಭೀಮನನ್ನು ಕಂಡು ಉಪಕೀಚಕರು ದ್ರೌಪದಿಯನ್ನು ಅಲ್ಲೇ ಬಿಟ್ಟು ಊರ ಕಡೆಗೆ ಓಡುತ್ತಾರೆ. ಓಡುತ್ತಿರುವ ಅವರನ್ನು ನೋಡಿ ಭೀಮನು 105 ಮಂದಿಯನ್ನು ಯಮಪುರಿಗೆ ಕಳಿಸುತ್ತಾನೆ. ದ್ರೌಪದಿಯ ಕಟ್ಟು ಬಿಚ್ಚಿ ಸಂತೈಸುವುದು ಅದಾದ ಮೇಲೆ.

ಬಿಟ್ಟು ಓಡಿದರು, ಓಡುವವರನ್ನು ಕೊಂದನು. ಈ ಎರಡು ಕ್ರಿಯೆಗಳ ನಡುವಣ ಅಂತರದಲ್ಲಿ ರಕ್ಷಣೆ ಮುಗಿದಿದೆ, ದಂಡನೆ ತೊಡಗಿದೆ. ಮರ ಅದೇ, ತೋಳು ಅದೇ, ಎದುರಾಳಿಗಳ ದುಷ್ಟತನವೂ ಎಳ್ಳಷ್ಟೂ ಕಡಿಮೆಯಾಗಿಲ್ಲ. ಬದಲಾದುದು ಅವರ ಬೆನ್ನು ತಿರುಗಿದ್ದು ಮಾತ್ರ. ಓಡಿದವರು ಊರಿನಿಂದ ಪಡೆ ಕಟ್ಟಿ ಮರಳಿದ್ದರೆ ಎಂಬ ವಾದಕ್ಕೆ ಎಡೆಯಿದೆ. ಚತುರ ಅರ್ಥಧಾರಿಯು ಭೀಮನ ಬಾಯಲ್ಲಿ ಅದನ್ನು ಆಡಿಸಬಲ್ಲ. ಆದರೆ ಸಂತೈಕೆಯನ್ನು ಹಿಂದಿಟ್ಟು ಸಂಹಾರವನ್ನು ಮುಂದಿಟ್ಟ ಕ್ರಮವೇ ಭೀಮನ ಮನಸ್ಸು ಆಗ ಎಲ್ಲಿತ್ತೆಂಬುದನ್ನು ತೋರಿಸಿಕೊಡುತ್ತದೆ.

ರಂಗಸ್ಥಳದಲ್ಲಿ ಈ ಭಾಗಕ್ಕೆ ಒದಗಿದ ಗತಿ ಶೋಚನೀಯ. ಕಾಲಮಿತಿಯ ಪ್ರಯೋಗಗಳಲ್ಲಿ ಹಲವೊಮ್ಮೆ ಕೀಚಕನು ಬಿದ್ದೊಡನೆಯೇ ಭಾಗವತರು ಮಂಗಳ ಹಾಡಿಬಿಡುತ್ತಾರೆ. ಅದಕ್ಕೆ ಕಾರಣವನ್ನು ಊಹಿಸಬಹುದು. ಆಟದ ಆಕರ್ಷಣೆಯೆಲ್ಲ ಕೀಚಕನ ಶೃಂಗಾರದ ಕುಣಿತದಲ್ಲಿ ನೆಲೆಸಿದೆ. 2012ರಲ್ಲಿ ಪದ್ಮಶ್ರೀ ಪುರಸ್ಕಾರ ಪಡೆದ, 2017ರಲ್ಲಿ ಕಣ್ಮರೆಯಾದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ನೋಡಲೆಂದೇ ಜನ ದೂರದೂರುಗಳಿಂದ ಬರುತ್ತಿದ್ದರು. ಅಂಥ ಕಲಾವಿದನ ಪ್ರತಿಭೆಯಲ್ಲಿ ಕೊರತೆಯನ್ನು ಎಣಿಸುವಂತಿಲ್ಲ. ಆದರೆ ಕಾಮಾತುರನ ಬಣ್ಣನೆಯಲ್ಲಿ ಮೈಮರೆತ ಪ್ರೇಕ್ಷಕನಿಗೆ ಸೈರಂಧ್ರಿಯ ನಡುಕ ಕಾಣದೆ ಹೋಗುತ್ತದೆ. ಹೆಣ್ಣುಡುಗೆಯ ವಲಲನು ಬಂದಾಗಲಂತೂ ನಗೆಯ ಅಲೆಯೇಳುತ್ತದೆ. ನಕ್ಕವನು ಕೊಲೆಯ ತೂಕವನ್ನು ಅರಿಯಲಾರ. ಉಪಕೀಚಕರ ಪ್ರಕರಣವನ್ನು ಕತ್ತರಿಸಿದಾಗ ಪ್ರಸಂಗದ ಏಕೈಕ ನಿಸ್ಸಂದೇಹ ರಕ್ಷಣೆಯೂ, ಅದು ಕೈಮೀರಿದ ಗಳಿಗೆಯೂ ಒಟ್ಟಿಗೇ ಹೊರಟುಹೋಗುತ್ತವೆ. ಹೊಂಚಿ ಮಾಡಿದ ವಧೆಯೊಂದೇ ಧರ್ಮವಿಜಯವೆಂಬ ಹೆಸರಿನಲ್ಲಿ ಉಳಿದುಕೊಳ್ಳುತ್ತದೆ.

ವೀರಶೈವ ಪುರಾಣಗಳ ಓದುಗನಿಗೆ ಇಲ್ಲಿ ಕಲ್ಯಾಣದ ನೆನಪಾಗದಿರದು. ಭೀಮಕವಿಯ ಬಸವಪುರಾಣದಲ್ಲಿ (1369) ಬಿಜ್ಜಳನು ಶರಣರ ಕಣ್ಣು ಕೀಳಿಸುತ್ತಾನೆ; ಜಗದೇವನೂ ಅವನ ಸಂಗಡಿಗರೂ ಅರಸನನ್ನು ಕೊಲ್ಲುತ್ತಾರೆ. ವಿರಾಟನಗರಿಯಲ್ಲಿ ಅರಸನು ಅಪರಾಧಿಗೆ ಹೆದರಿದ್ದ. ಕಲ್ಯಾಣದಲ್ಲಿ ಅರಸನೇ ಅಪರಾಧಿ, ಹಾಗಾಗಿ ತಟ್ಟಲು ಬಾಗಿಲೇ ಇರಲಿಲ್ಲ. ಜಗದೇವನ ಪಕ್ಷ ಭೀಮನದಕ್ಕಿಂತ ಬಲವಾದದ್ದೆಂದು ಈ ಕಾರಣಕ್ಕೆ ವಾದಿಸಬಹುದು. ಆದರೂ ಕಣ್ಣು ಕಿತ್ತದ್ದು ಆಗಿಹೋದ ಕೃತ್ಯ. ಅದನ್ನು ತಡೆಯುವ ಏಟು ಅದಲ್ಲ, ಅದಕ್ಕೆ ಕೊಟ್ಟ ಶಿಕ್ಷೆ. ಬಸವಣ್ಣನವರು ಕೂಡಲಸಂಗಮದಲ್ಲಿ ಲಿಂಗೈಕ್ಯರಾದುದನ್ನೂ ಶರಣರು ಚದುರಿದುದನ್ನೂ ಪರಂಪರೆ ಈ ಕೊಲೆಯ ಜೊತೆಯಲ್ಲೇ ಹೇಳುತ್ತ ಬಂದಿದೆ. ಲಂಕೇಶರ 'ಸಂಕ್ರಾಂತಿ' (1971), ಶಿವಪ್ರಕಾಶರ 'ಮಹಾಚೈತ್ರ' (1986), ಕಾರ್ನಾಡರ 'ತಲೆದಂಡ' (1990) ಒಂದರ ಹಿಂದೊಂದು ಇದೇ ಕಲ್ಯಾಣದ ಕಡೆಗೆ ತಿರುಗಿದ್ದಕ್ಕೆ, ಪುರಾಣದ ಉತ್ತರ ಹೊಸಗಾಲದ ಮನಸ್ಸಿಗೆ ಸಾಲದೆಹೋದುದು ಒಂದು ಕಾರಣವಿರಬೇಕು.

ಇದೆಲ್ಲ ಹಳೆಯ ಕಥೆಯೆಂದು ತಳ್ಳಿಹಾಕಲು ಈ ಸೀಮೆಯವರಿಗೇ ಬಾರದು. 2016ರ ಆಗಸ್ಟ್ ತಿಂಗಳಲ್ಲಿ ಬ್ರಹ್ಮಾವರದ ಒಳನಾಡಾದ ಕೆಂಜೂರಿನಲ್ಲಿ, ವಾಹನದಲ್ಲಿ ಕರುಗಳನ್ನು ಸಾಗಿಸುತ್ತಿದ್ದ ಯುವಕನೊಬ್ಬನನ್ನು ಗುಂಪೊಂದು ರಾತ್ರಿಯಲ್ಲಿ ತಡೆದು ಹೊಡೆದು ಕೊಂದಿತು. ಗೋರಕ್ಷಣೆ ಎಂಬುದು ಆ ಕೃತ್ಯಕ್ಕೆ ಕೊಟ್ಟ ಹೆಸರು. ಹೊಡೆದವರ ಮೈಮೇಲೆ ಯಾರೂ ಬಿದ್ದಿರಲಿಲ್ಲ. ಅಪರಾಧ ನಡೆಯುತ್ತಿದೆಯೆಂದು ಅವರು ಬಗೆದಿದ್ದರೂ ಪೊಲೀಸರಿಗೆ ತಿಳಿಸಲು ಅವಕಾಶವಿತ್ತು. ದ್ರೌಪದಿಯಂತೆ ಬಾಗಿಲು ತಟ್ಟಿ ನಿರಾಶರಾದವರೂ ಅವರಾಗಿರಲಿಲ್ಲ. 'ರಕ್ಷಣೆ' ಎಂಬ ಶಬ್ದವೊಂದನ್ನು ಬಿಟ್ಟರೆ ಭೀಮನ ಕಥೆಯ ಯಾವ ಅಂಶವೂ ಅಲ್ಲಿಲ್ಲ. ಗುಂಪು ಸೇರಿ ಕೊಲ್ಲುವುದನ್ನು ತಡೆಯಲು ಸರ್ವೋಚ್ಚ ನ್ಯಾಯಾಲಯವು 2018ರ ಜುಲೈಯಲ್ಲಿ ರಾಜ್ಯಗಳಿಗೆ ನಿರ್ದೇಶನಗಳನ್ನಿತ್ತಿತು. ಜಾತಿ, ಜನಾಂಗ, ಭಾಷೆಯಂಥ ನೆಲೆಗಳಲ್ಲಿ ಐದು ಅಥವಾ ಹೆಚ್ಚು ಮಂದಿ ಕೂಡಿ ಮಾಡುವ ಕೊಲೆಗೆ ನ್ಯಾಯ ಸಂಹಿತೆಯ 103ನೆಯ ಕಲಮಿನಲ್ಲಿ ಪ್ರತ್ಯೇಕ ಉಪಬಂಧವೇ ಸೇರಿದೆ. ಆಟ ನೋಡಿ ಯಾರೂ ಕೊಲೆಗೆ ಹೊರಡುವುದಿಲ್ಲವೆಂಬುದು ನಿಜ. ಆದರೆ ಇರುಳಿಡೀ ಆಟ ನೋಡುವ ನಾಡಿನಲ್ಲಿ ರಕ್ಷಣೆಯೆಂದರೇನೆಂಬ ಕಲ್ಪನೆ ರೂಪುಗೊಳ್ಳುವುದು ಕಲಮುಗಳಿಂದಲ್ಲ, ಪದ್ಯಗಳಿಂದ ಮತ್ತು ಅರ್ಥಗಾರಿಕೆಯಿಂದ. ಹೀಗಿರುವಾಗ ಉಪಕೀಚಕರ ಪ್ರಕರಣಕ್ಕೆ ಅರ್ಧ ಗಂಟೆ ಕೊಡುವುದು ಮೇಳಗಳಿಗೆ ಭಾರವಾಗಲಾರದು.

ಆ ಅರ್ಧ ಗಂಟೆಯಲ್ಲಿ ಇನ್ನೊಂದು ಸಣ್ಣ ಸಂಗತಿಯೂ ಅಡಕವಾಗಬೇಕು. ಉಪಕೀಚಕರೆಲ್ಲ ಸತ್ತ ಮೇಲೆ ವಿರಾಟನು ಹೆದರುತ್ತಾನೆ. ಒದೆತ ತಿಂದು ನೆಲದ ಮೇಲೆ ಬಿದ್ದಿದ್ದಾಗ ನ್ಯಾಯ ಕೊಡದಿದ್ದ ಆ ಅರಸನು ಈಗ ಸುದೇಷ್ಣೆಯ ಮೂಲಕ ಹೇಳಿಕಳಿಸುವುದು ಇಷ್ಟೇ: ಸೈರಂಧ್ರಿಯು ತನ್ನ ಊರನ್ನು ಬಿಟ್ಟು ಬೇಕಾದಲ್ಲಿಗೆ ಹೋಗಲಿ. ಕೊಂದವರು ಗಂಧರ್ವರೆಂಬ ಸುಳ್ಳಿನ ಮರೆಯಲ್ಲಿ ಭೀಮನು ಸುರಕ್ಷಿತನಾಗಿದ್ದಾನೆ. ಊರು ಬಿಡಬೇಕಾದವಳು ಅವಳು. ಅವಳು 13 ದಿನಗಳ ಅವಧಿಯನ್ನು ಬೇಡಿಕೊಳ್ಳುತ್ತಾಳೆ.