ಆಂಟಿಗೊನೆಯ ಕಡೆಯ ಮಾತು

ನಮ್ಮ ಸಂಘದ ವಾಚನಗೋಷ್ಠಿಯಲ್ಲಿ ಸೋಫೋಕ್ಲೀಸ್ ಮಹಾಕವಿಯ ‘ಆಂಟಿಗೊನೆ’ ನಾಟಕವನ್ನು ಓದುತ್ತಿದ್ದಾಗ ತರುಣ ಮಿತ್ರರೊಬ್ಬರು ಒಂದು ಆಕ್ಷೇಪವನ್ನೆತ್ತಿದರು. ನಾಯಿಕೆಯ ಕೊನೆಯ ಭಾಷಣದಲ್ಲಿ ಕೆಲವು ಪಂಕ್ತಿಗಳು ಆಕೆಯ ಘನತೆಗೆ ಕುಂದು ತರತಕ್ಕವಾಗಿವೆ, ಆಡುವಾಗ ಅವನ್ನು ಬಿಟ್ಟುಬಿಡುವುದೇ ಲೇಸು, ಎಂಬುದು ಅವರ ಮತ. ಆಕ್ಷೇಪವೇನೂ ಹೊಸತಲ್ಲ. ಜರ್ಮನ್ ಕವಿ ಗಯಟೆಯು 1827ರಲ್ಲಿ ತನ್ನ ಮಿತ್ರ ಎಕರ್‌ಮನ್ನನೊಡನೆ ಮಾತನಾಡುತ್ತ, ಯಾರಾದರೂ ವಿದ್ವಾಂಸರು ಈ ಭಾಗವು ಪ್ರಕ್ಷಿಪ್ತವೆಂದು ಸಾಧಿಸಿಕೊಡಬಾರದೇ ಎಂದು ಹಂಬಲಿಸಿದ್ದುಂಟು. ಅಂತಹವರು ಬೇಡವೆಂದ ಪಂಕ್ತಿಗಳ ಪರವಾಗಿ ವಕಾಲತ್ತು ವಹಿಸುವುದು, ಗ್ರೀಕ್ ಭಾಷೆಯನ್ನರಿಯದೆ ಅನುವಾದಗಳನ್ನೇ ನಂಬಿದ ಮೇಷ್ಟರೊಬ್ಬನಿಗೆ ಸಾಹಸವೇ ಸರಿ. ಆದರೂ ಸಂಸ್ಕೃತ ಪಾಠಶಾಲೆಯಲ್ಲಿ ಕಲಿತವನಿಗೆ ಇಲ್ಲಿ ಹೇಳತಕ್ಕ ಮಾತೊಂದು ಇದೆಯೆಂದು ತೋರಿದುದರಿಂದ ಬರೆಯುತ್ತಿದ್ದೇನೆ.

ಕಥೆಯನ್ನು ಅರಿಯದವರಿಗಾಗಿ ಸಂಕ್ಷೇಪವಾಗಿ ಹೇಳುವೆನು. ಥೀಬ್ಸ್ ನಗರದ ದೊರೆ ಈಡಿಪಸ್ಸನ ಮಕ್ಕಳಿಬ್ಬರು ಸಿಂಹಾಸನಕ್ಕಾಗಿ ಹೋರಾಡಿ ಒಬ್ಬರನ್ನೊಬ್ಬರು ಕೊಂದು ಬಿದ್ದಿದ್ದಾರೆ. ಅವರ ಸೋದರಮಾವ ಕ್ರೆಯಾನನು ಪಟ್ಟವೇರಿ, ಊರನ್ನು ಕಾದ ಎಟಿಯೋಕ್ಲೀಸನಿಗೆ ಸಕಲ ಮರ್ಯಾದೆಗಳಿಂದ ಸಂಸ್ಕಾರ ಮಾಡಿಸುತ್ತಾನೆ. ಪರರ ದಂಡನ್ನು ಕಟ್ಟಿಕೊಂಡು ಬಂದ ಪಾಲಿನೈಸೀಸನ ಹೆಣವು ನಾಯಿ ಹದ್ದುಗಳ ಪಾಲಾಗಬೇಕೆಂದೂ, ಅದನ್ನು ಮಣ್ಣು ಮಾಡಿದವರಿಗೆ ಮರಣದಂಡನೆಯೆಂದೂ ಡಂಗುರ ಹೊಯ್ಸುತ್ತಾನೆ. ಸೋದರಿ ಆಂಟಿಗೊನೆ ಆ ಹೆಣದ ಮೇಲೆ ಹಿಡಿ ಧೂಳನ್ನು ಚೆಲ್ಲಿ ಸಿಕ್ಕಿಬೀಳುತ್ತಾಳೆ. ಕ್ರೆಯಾನನ ಮಗ ಹೀಮನನೊಡನೆ ಆಕೆಗೆ ವಿವಾಹವು ನಿಶ್ಚಯವಾಗಿದೆ. ಈ ಬಳಕೆಯನ್ನು ಪಾಶ್ಚಾತ್ಯ ಓದುಗರಿಗೆ ಟಿಪ್ಪಣಿ ಬರೆದು ತಿಳಿಸಬೇಕಾದೀತು. ಸೋದರಮಾವನ ಮನೆಗೆ ಹೆಣ್ಣು ಕೊಡುವ ನಮ್ಮ ಸಂಸಾರಗಳಲ್ಲಿ ಅದು ಹೇಳದೆಯೇ ಅರ್ಥವಾಗುವುದು. ಆ ರಾಜಾಜ್ಞೆ ಎಷ್ಟು ಹತ್ತಿರದಿಂದ ಬಂದು ತಾಗಿತೆಂಬುದನ್ನು ನಾವು ಬೇಗ ಬಲ್ಲೆವು.

ದೊರೆಯೆದುರು ನಿಂತಾಗ ಆಕೆ ಆಡಿದ ಮಾತು ಜಗತ್ಪ್ರಸಿದ್ಧವಾದುದು. ಅರಸನ ಅಪ್ಪಣೆಗಿಂತ ಅಲಿಖಿತವಾದ ದೈವಶಾಸನವು ಹಿರಿದೆಂಬುದು ಅದರ ತಾತ್ಪರ್ಯ. ನಾಟಕವು ಅಥೆನ್ಸಿನಲ್ಲಿ ಕ್ರಿ. ಪೂ. 441ರ ಸುಮಾರಿಗೆ ಮೊದಲು ಆಡಲ್ಪಟ್ಟಿತೆಂದು ಬಲ್ಲವರು ಹೇಳುವರು; ಅಂದಿನಿಂದ ಇಂದಿನವರೆಗೂ ರಾಜಶಕ್ತಿಗೆ ಎದುರುನಿಂತವರಿಗೆ ಈ ಮಾತು ಆಸರೆಯಾಗಿರುವುದು. ಇಷ್ಟರಲ್ಲಿಯೇ ಆಕೆಯ ಮಾತು ಮುಗಿದಿದ್ದರೆ ಧರ್ಮವೀರಕ್ಕೆ ಅಲಂಕಾರಶಾಸ್ತ್ರದವರು ಕೊಡಬಹುದಾದ ಶುದ್ಧ ಉದಾಹರಣೆಯಾಗುತ್ತಿತ್ತು. ಕವಿಯು ಮುಗಿಸಲಿಲ್ಲ. ಬಂಡೆಯ ಗುಹೆಯಲ್ಲಿ ಜೀವಂತವಾಗಿ ಮುಚ್ಚಲು ಕರೆದೊಯ್ಯುವಾಗ ಆಕೆ ಇನ್ನೊಂದು ಮಾತನಾಡುತ್ತಾಳೆ. ಗಂಡನಿಗಾಗಿಯಾಗಲಿ ಮಗುವಿಗಾಗಿಯಾಗಲಿ ತಾನು ಪೌರರ ಇಚ್ಛೆಯನ್ನು ಮೀರುತ್ತಿರಲಿಲ್ಲ, ತಾಯಿತಂದೆಗಳಿಲ್ಲದ ಮೇಲೆ ಸೋದರನು ಮತ್ತೆ ದೊರೆಯುವಂತಿಲ್ಲವೆಂದು ಇದನ್ನು ಮಾಡಿದೆ, ಎನ್ನುತ್ತಾಳೆ. ದೈವಶಾಸನವು ಸತ್ತವರೆಲ್ಲರಿಗೂ ಒಂದೇ ಆಗಿದ್ದರೆ ಈ ಲೆಕ್ಕಾಚಾರವೇಕೆ? ಇದು ಔಚಿತ್ಯಭಂಗವಲ್ಲವೆ? ಆಕ್ಷೇಪವಿರುವುದು ಇಲ್ಲಿಯೇ.

ಪಂಕ್ತಿಗಳು ಪ್ರಕ್ಷಿಪ್ತವೆಂದು ಸುಲಭವಾಗಿ ಹೇಳುವಂತಿಲ್ಲ. ಅರಿಸ್ಟಾಟಲನು ತನ್ನ ‘ರೆಟರಿಕ್’ ಗ್ರಂಥದಲ್ಲಿ ಅವನ್ನು ಉದಾಹರಿಸಿದ್ದಾನೆ. ಈ ವಾದದ ನೆಂಟಸ್ತಿಕೆಯೂ ದೊಡ್ಡದು. ಹೆರೊಡೋಟಸನ ಇತಿಹಾಸದಲ್ಲಿ ಇಂಟಾಫರ್ನೀಸನ ಹೆಂಡತಿ ಪಾರಸಿಕ ಚಕ್ರವರ್ತಿ ಡೇರಿಯಸ್ಸನ ಮುಂದೆ ಇದನ್ನೇ ಹೇಳುತ್ತಾಳೆ. ನಮ್ಮ ಪಾಲಿಯ ಉಚ್ಛಂಗ ಜಾತಕದಲ್ಲಿಯೂ ಒಬ್ಬ ಹೆಂಗಸು ಕೋಸಲದ ಅರಸನಲ್ಲಿ ಗಂಡ, ಮಗ, ಸೋದರ ಮೂವರಲ್ಲಿ ಸೋದರನನ್ನೇ ಬೇಡುತ್ತಾಳೆ. ಇನ್ನು ಯುದ್ಧಕಾಂಡದಲ್ಲಿ, ಲಕ್ಷ್ಮಣನು ಶಕ್ತಿಯೇಟಿಗೆ ಒರಗಿದಾಗ ಶ್ರೀರಾಮನು ಆಡುವ ವಿಲಾಪವನ್ನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡದವರಾರು? ಪತ್ನಿಯರು ಎಲ್ಲಿಯಾದರೂ ದೊರೆತಾರು, ಒಡಹುಟ್ಟಿದವನು ದೊರೆಯನೆಂಬ ಭಾವವೇ ಅಲ್ಲಿಯದು. ಯಾರ ಸಲುವಾಗಿ ಯುದ್ಧವೋ ಆ ಸೀತೆಗೆ ಇದರಿಂದ ಅವಮಾನವಾಯಿತೆಂದು ನಮ್ಮ ಪಾಠಶಾಲೆಯಲ್ಲಿ ಒಬ್ಬರೂ ದೂರಲಿಲ್ಲ. ಶೋಕವು ತನ್ನೆದುರಿಗೆ ಬಿದ್ದಿರುವವನನ್ನು ಬಿಟ್ಟು ಬೇರೊಬ್ಬರನ್ನು ಕಾಣದೆಂದು ಓದಿದವರೆಲ್ಲ ಬಲ್ಲರು. ರಾಮನಿಗೆ ಸಲ್ಲಿಸಿದ ಸಹನೆಯನ್ನು ಆಂಟಿಗೊನೆಗೆ ಸಲ್ಲಿಸಬಾರದೇಕೆ?

ಒಂದು ಭೇದವುಂಟು. ಜಾತಕದ ಅರಸನು ಮೆಚ್ಚಿ ಮೂವರನ್ನೂ ಬಿಡುತ್ತಾನೆ; ಡೇರಿಯಸ್ಸನೂ ಸೋದರನೊಡನೆ ಹಿರಿಯ ಮಗನನ್ನು ಬಿಡುತ್ತಾನೆ. ಬದುಕಿರುವವರನ್ನು ಉಳಿಸಿಕೊಟ್ಟ ಆ ವಾದವನ್ನು ಸೋಫೋಕ್ಲೀಸನು ಸತ್ತವನೊಬ್ಬನಿಗಾಗಿ, ಕೇಳದ ದೊರೆಯೊಬ್ಬನ ಮುಂದೆ ಆಡಿಸಿದನು. ಕ್ರೆಯಾನನು ಅದಕ್ಕೆ ಉತ್ತರವನ್ನೇ ಕೊಡುವುದಿಲ್ಲ; ಭಟರು ತಡಮಾಡಿದರೆಂದು ಗದರಿಸುತ್ತಾನೆ, ಅಷ್ಟೆ. ಆಕೆ ಮೊದಲು ದೊರೆಗೆ ಶಾಸ್ತ್ರವನ್ನು ಹೇಳಿದಳು. ಸಾವಿನೆದುರು ತನಗೆ ತಾನೇ ಕಾರಣವನ್ನು ಹೇಳಿಕೊಂಡಳು. ಶಾಸ್ತ್ರವನ್ನೋದಿ ಆಕೆ ಹೆಣದ ಬಳಿಗೆ ಹೋದವಳಲ್ಲ. ನಾಟಕದ ಆರಂಭದಲ್ಲಿಯೇ, ಅವನು ನನ್ನ ಸೋದರ, ನಿನಗೂ ಸೋದರ, ಎಂದು ಇಸ್ಮೀನೆಗೆ ಹೇಳುವಳಷ್ಟೆ. ಕ್ರೆಯಾನನ ಕಣ್ಣಿಗೆ ಅದು ದೇಶದ್ರೋಹಿಯ ಹೆಣ, ಸೋದರಳಿಯನದಲ್ಲ. ಆತನು ಆರಂಭದಲ್ಲಿ ಕ್ರೂರಿಯೂ ಅಲ್ಲ. ಮುತ್ತಿಗೆಯಿಂದ ನಿನ್ನೆ ಪಾರಾದ ಊರನ್ನು ಭದ್ರಪಡಿಸಲು ಹೊರಟವನು.

ಇಸ್ಮೀನೆಯ ಹೆಸರು ಬಂದುದರಿಂದ ನನ್ನದೊಂದು ಮಾತು. ಬಲವಿಲ್ಲದವರು ಬಲವುಳ್ಳವರ ಮಾತನ್ನು ಮೀರಬಾರದೆಂದು ಹಿಂಜರಿದವಳು ಆಕೆ. ನಾನು ಉದ್ಯೋಗದಲ್ಲಿದ್ದಾಗ, ಸಹೋದ್ಯೋಗಿಯೊಬ್ಬರ ಮೇಲೆ ಬರೆಸಿದ ದೂರು ಸುಳ್ಳೆಂದು ಬಲ್ಲವನಾಗಿಯೂ, ಮೇಲಿನವರಿಗೆ ಅಂಜಿ ರುಜು ಹಾಕಿದೆನು. ಶಿಸ್ತು, ನಿಯಮ, ಸಂಸ್ಥೆಯ ಹಿತ ಎಂಬ ಮಾತುಗಳೆಲ್ಲ ಆ ಕಾಗದದಲ್ಲಿದ್ದವು. ಅವರ ಹೆಸರೂ ಇತ್ತು, ಮುಖವಿರಲಿಲ್ಲ. ಮುಖವನ್ನು ಒಂದು ಗಳಿಗೆ ನೆನೆದಿದ್ದರೆ ಲೇಖನಿ ಓಡುತ್ತಿರಲಿಲ್ಲವೇನೋ. ಆಂಟಿಗೊನೆಯ ಕಡೆಯ ಮಾತು ನನಗೆ ಅರ್ಥವಾದುದು ಆಮೇಲೆ. ಇಸ್ಮೀನೆಯಾದರೂ ಮರುಗಳಿಗೆಯಲ್ಲಿ ಬಂದು, ತಾನೂ ಪಾಲುಗಾರಳೆಂದು ಸಾಯಲು ನಿಂತಳು. ಅದನ್ನು ಅಕ್ಕ ಕಠಿನವಾಗಿ ನಿರಾಕರಿಸಿದುದು ಸರಿಯೆಂದು ನನಗೆ ಇಂದಿಗೂ ತೋರದು.

ಇನ್ನೊಂದು. ಪ್ರಹ್ಲಾದನ ಕಥೆಯಲ್ಲಿ ಬೆಳೆದ ನಾವು, ತಂದೆಯೇ ಅರಸನಾಗಿ ಕಾಡಿದಾಗಲೂ ಕಂಬವು ಒಡೆಯುವುದೆಂದು ಕಾದಿರುತ್ತೇವೆ. ಇಲ್ಲಿ ಯಾವ ಕಂಬವೂ ಒಡೆಯಲಿಲ್ಲ. ಯಾವ ದೇವರಿಗಾಗಿ ನಿಂತಳೋ ಆ ದೇವರತ್ತ ಇನ್ನೇಕೆ ನೋಡಬೇಕೆಂದು ಆಕೆ ಕಂಗೆಟ್ಟು ಕೇಳುತ್ತಾಳೆ. ಆದರೂ ಮಾಡಿದುದನ್ನು ತಪ್ಪೆನ್ನುವುದಿಲ್ಲ. ಭಕ್ತಿಯ ಈ ಬಗೆ ನಮ್ಮ ಪುರಾಣಗಳಲ್ಲಿ ಅಪರೂಪ. ಆಮೇಲೆ ಕುರುಡ ಕಾಲಜ್ಞಾನಿ ಟೈರೀಸಿಯಸ್ ಬಂದು ಹೆಣದ ತುಣುಕುಗಳು ಬಲಿಪೀಠಗಳನ್ನು ಮೈಲಿಗೆ ಮಾಡಿದುವೆಂದು ಎಚ್ಚರಿಸಿದಾಗ ಕ್ರೆಯಾನನು ಮಣಿಯುವನು. ಮೊದಲು ಹುಡುಗಿಯನ್ನು ಬಿಡಿಸು, ಬಳಿಕ ಹೆಣವನ್ನು ಹೂಳು, ಎಂದು ಹಿರಿಯರು ಹೇಳುತ್ತಾರೆ. ಆತನು ಮೊದಲು ಹೆಣದ ಬಳಿಗೆ ಹೋದನು. ಗುಹೆಗೆ ಬರುವ ವೇಳೆಗೆ ಆಕೆ ನೇಣು ಹಾಕಿಕೊಂಡಿದ್ದಳು. ಮಗನೂ ಆತನ ಕಣ್ಣೆದುರೇ, ರಾಣಿಯೂ ಅರಮನೆಯಲ್ಲಿ, ಪ್ರಾಣ ಬಿಟ್ಟರು.

ನಾಟಕವನ್ನು ಆಡಲು ನಮ್ಮ ತರುಣರು ಯೋಚಿಸುತ್ತಿರುವರೆಂದು ಕೇಳಿದ್ದೇನೆ. ಆ ಪಂಕ್ತಿಗಳನ್ನು ದಯವಿಟ್ಟು ಕೈಬಿಡಬಾರದು. ಪಾತ್ರಧಾರಿಣಿಯು ಅವನ್ನು ದೊರೆಯ ಕಡೆಗೆ ತಿರುಗಿ ಗಟ್ಟಿಯಾಗಿ ಹೇಳದೆ, ಗುಹೆಯ ಕಡೆಗೆ ಮುಖಮಾಡಿ ಮೆಲ್ಲನೆ ಹೇಳಲಿ.