ಜೇಗಿಟ್ ಎಂಬ ಕೃತಿ ಮತ್ತು ಅದರ ಪರಿಪಾಲನೆ

ತುಮಕೂರಿನ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯದಲ್ಲಿಯೋ ಗುಬ್ಬಿಯ ಚನ್ನಬಸವೇಶ್ವರ ತಾಂತ್ರಿಕ ವಿದ್ಯಾಲಯದಲ್ಲಿಯೋ ಜಾವಾ ಕಲಿಯುವ ವಿದ್ಯಾರ್ಥಿಯು ಎಕ್ಲಿಪ್ಸ್ ಎಂಬ ಪ್ರೋಗ್ರಾಮ್ ಬರೆಯುವ ತಂತ್ರಾಂಶದೊಳಗಿಂದಲೇ ತನ್ನ ಪ್ರೋಗ್ರಾಮನ್ನು, ಅದರ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ಟಿಗೆ ಒಪ್ಪಿಸುವಾಗಲೂ, ಕುಣಿಗಲ್ಲಿನ ವರ್ತಕನು ಆಂಡ್ರಾಯ್ಡ್ ಫೋನಿನಲ್ಲಿ ಲೆಕ್ಕ ನೋಡುವಾಗಲೂ, ತಾವರಿಯದೆಯೇ ಇಬ್ಬರೂ ಒಂದೇ ಕೃತಿಗೆ ಋಣಿಗಳಾಗಿರುತ್ತಾರೆ. ಮೊದಲನೆಯವನಿಗೆ ನೆರವಾಗುವ ಈಗಿಟ್ ಮತ್ತು ಆಂಡ್ರಾಯ್ಡಿನ ಸೋರ್ಸ್ ಕೋಡನ್ನು ಪರಿಶೀಲಿಸಲು ಬಳಸುವ ಗೆರಿಟ್, ಇವೆರಡಕ್ಕೂ ಜೇಗಿಟ್ ಎಂಬ ಮುಕ್ತ ಜಾವಾ ಲೈಬ್ರರಿಯೇ ಆಧಾರ.

ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಆರಂಭಿಸಿದ ಗಿಟ್ಟನ್ನು ಶಾನ್ ಪಿಯರ್ಸ್ ಜಾವಾದಲ್ಲಿ ಹೊಸದಾಗಿ ಕಟ್ಟತೊಡಗಿದರು. 2009ರಲ್ಲಿ ಅದು ಎಕ್ಲಿಪ್ಸ್ ಪ್ರತಿಷ್ಠಾನದ ಆಶ್ರಯಕ್ಕೆ ಬಂದಿತು. ಮೂಲ ಗಿಟ್ ಬರೆದುದನ್ನು ಜೇಗಿಟ್ ಓದಬೇಕು, ಜೇಗಿಟ್ ಬರೆದುದನ್ನು ಮೂಲವು ಓದಬೇಕು. ಬರೆಯುವ ರೂಪದಲ್ಲಿ ವ್ಯತ್ಯಾಸ ಸಲ್ಲದು. ಇಂತಹ ನಿರ್ಬಂಧದಲ್ಲಿ ಸ್ವಂತ ಪ್ರತಿಭೆಗೆ ಅವಕಾಶವೆಲ್ಲಿ ಎಂದು ತೋರಬಹುದು. ಆದರೆ ಲಕ್ಷಾಂತರ ಶಾಖೆಗಳ ಹೆಸರುಗಳನ್ನು ಬಿಡಿ ಬಿಡಿ ಕಡತಗಳಲ್ಲಿರಿಸುವುದರಿಂದಾಗುವ ವಿಳಂಬವನ್ನು ನೀಗಲು, ಅವನ್ನು ಅಕಾರಾದಿಯಾಗಿ ಅಡಕಗೊಳಿಸುವ ರೆಫ್‌ಟೇಬಲ್ ಎಂಬ ವಿಧಾನವು 2017ರಲ್ಲಿ ಮೊದಲು ರೂಪುಗೊಂಡುದು ಜೇಗಿಟ್ಟಿನಲ್ಲಿಯೇ. ಮೂಲ ಗಿಟ್ ಅದನ್ನು ಅಂಗೀಕರಿಸಿದ್ದು 2024ರ 2.45ನೆಯ ಆವೃತ್ತಿಯಲ್ಲಿ. ವ್ಯಾಖ್ಯಾನವು ಮೂಲಗ್ರಂಥಕ್ಕೇ ಒಂದು ಅಧ್ಯಾಯವನ್ನು ಕೊಟ್ಟಂತಹ ಈ ಸಾಧನೆಯಲ್ಲಿ ಜೇಗಿಟ್ಟಿನ ಹಿರಿಮೆಯಿದೆ.

ನ್ಯೂನತೆಗಳನ್ನೂ ಹೇಳಬೇಕು. ಮೂಲ ಗಿಟ್ಟಿನಲ್ಲಿ ಬಂದಿರುವ ಎಸ್‌ಎಚ್‌ಎ-256 ಎಂಬ ಹ್ಯಾಶ್ ವ್ಯವಸ್ಥೆಯಲ್ಲಿ ಜೇಗಿಟ್ ಹಿಂದುಳಿದಿದೆ. ಹೊಸಬನು ಅದರ ಒಳರಚನೆಯನ್ನು ಕೋಡನ್ನೇ ಓದಿ ಅರಿಯಬೇಕಾಗುವಷ್ಟು ವಿವರಣಗ್ರಂಥವು ಕೃಶವಾಗಿದೆ. ಅಕ್ಷರದ ಹಿರಿದು ಕಿರಿದನ್ನು ಗಣಿಸದ ವಿಂಡೋಸ್, ಮ್ಯಾಕ್ ಮುಂತಾದ ಕಡತವ್ಯವಸ್ಥೆಗಳಲ್ಲಿ, ಕೃತ್ರಿಮವಾಗಿ ರಚಿಸಿದ ಗಿಟ್ ಭಂಡಾರವೊಂದು ತನ್ನ ಎಲ್ಲೆಯ ಹೊರಗಿನ ಕಡತವನ್ನು ತಿದ್ದಬಲ್ಲ ದೋಷವು 2023ರಲ್ಲಿ ಪ್ರಕಟವಾಗಿ, 6.6.1ನೆಯ ಆವೃತ್ತಿಯಲ್ಲಿ ಪರಿಹೃತವಾಯಿತು.

ಆದರೂ ಇಂತಹ ಕೃತಿಯ ಯೋಗ್ಯತೆಯನ್ನು ದೋಷಗಳ ಅಭಾವದಿಂದ ಅಳೆಯುವುದು ಯುಕ್ತವಲ್ಲ. ದೋಷ ಕಂಡಾಗ ಅದನ್ನು ತಿದ್ದುವ ಶಿಸ್ತಿನಿಂದಲೇ ಅಳೆಯಬೇಕು. ಜೇಗಿಟ್ಟಿನ ಪ್ರತಿಯೊಂದು ತಿದ್ದುಪಡಿಯೂ ಜೇಗಿಟ್ಟನ್ನೇ ಆಧರಿಸಿದ ಗೆರಿಟ್‌ನಲ್ಲಿ ಪರೀಕ್ಷಿತವಾಗುವುದರಿಂದ, ಪಾಲಕರು ತಾವು ಕಟ್ಟಿದುದರಲ್ಲಿಯೇ ದಿನವೂ ವಾಸಿಸುತ್ತಾರೆ. 2018ರಲ್ಲಿ ಪಿಯರ್ಸ್ ತೀರಿಕೊಂಡರೂ ಕೆಲಸ ನಿಲ್ಲಲಿಲ್ಲ, 2024ರಲ್ಲಿ 7.0ನೆಯ ಆವೃತ್ತಿಯು ಜಾವಾ 17ಕ್ಕೆ ಏರಿತು. ಹೊಸದನ್ನು ನಿರ್ಮಿಸಿದವನನ್ನು ಕೊಂಡಾಡುವ ನಮ್ಮ ವಿದ್ಯಾಲಯಗಳು ಇದ್ದುದನ್ನು ಕಾಪಾಡುವ ವಿದ್ಯೆಗೂ ಅಂಕ ಕೊಡುವಂತಾಗಲಿ; ಆ ಕೃಶವಾದ ವಿವರಣಗ್ರಂಥವನ್ನು ಪೂರ್ಣಗೊಳಿಸುವ ಕಾರ್ಯವೇ ತುಮಕೂರಿನ ತರುಣರಿಗೆ ಉಚಿತವಾದ ಪ್ರಥಮ ಪಾಠ.